‘ಓಣಿಯ ಹಿರಿಯರು’ ಎಂದಿರುವಲ್ಲಿ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಅತಿ ಹೆಚ್ಚು ಕಾದಂಬರಿ ಓದಿದವರು ಯಾರು ಎಂದು ಯಾರಾದರೂ ಪಂದ್ಯ ಕಟ್ಟಿದರೆ, ನಾನು ಕಣ್ಣು ಮುಚ್ಚಿಕೊಂಡು ನಮ್ಮ ಕಾಕಾರನ್ನು ಮುಂದೆ ನಿಲ್ಲಿಸಿ ಗೆದ್ದುಬರುತ್ತೇನೆ. ಆದರೆ ಆ ಕಾದಂಬರಿಗಳಲ್ಲಿ ಒಂದರ ಕಥೆಯನ್ನಾದರೂ ಹೇಳಿ ಎಂದು ಮಾತ್ರ ಅವರನ್ನು ಕೇಳಬೇಡಿ. ಅವರಿಗೆ ಗೊತ್ತಿಲ್ಲ! ನಾಯಕ ಸತ್ತನೋ ಉಳಿದನೋ, ನಾಯಕಿಗೆ ಮದುವೆಯಾಯಿತೋ ಇಲ್ಲವೋ, ಕೊಲೆ ಮಾಡಿದವರು ಯಾರು, ಒಂದೂ ಗೊತ್ತಿಲ್ಲ. ‘ಕೊಲೆ’ಯ ‘ಕೊ’ ಹ್ರಸ್ವವಾಗಿದೆಯೋ ದೀರ್ಘವಾಗಿದೆಯೋ ಎನ್ನುವುದಷ್ಟೇ ಅವರಿಗೆ ಸಂಬಂಧಪಟ್ಟ ವಿಷಯ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನೋಡಿ, ಎಷ್ಟು ಸಣ್ಣ ವಾಕ್ಯ! ಇದನ್ನು ನಾಲ್ಕು ಜನರ ಎದುರು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಯಾಕೆ ಎನ್ನುವುದನ್ನು ಹೇಳಲಿಕ್ಕೇ ಕುಳಿತಿದ್ದೇನೆ. ಮೊದಮೊದಲು ಕಾಕಾರನ್ನು ನೋಡಿ ನಗಿ, ಅಡ್ಡಿಯಿಲ್ಲ. ಆಮೇಲೆ ನನ್ನನ್ನು ನೋಡಿ ನಗಬೇಕಾಗುತ್ತದೆ, ಸ್ವಲ್ಪ ನಗು ಉಳಿಸಿಕೊಂಡಿರಿ.

ಅವರು ಕಮರಿಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತೆಂಟು ವರ್ಷ ಕರಡು ತಿದ್ದಿದವರು. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಸೇರಿ, ಕಂಪ್ಯೂಟರು ಬಂದದ್ದನ್ನೂ ನೋಡಿ, ಆ ಮುದ್ರಣಾಲಯ ಮುಚ್ಚಿ ಅಲ್ಲಿ ಮೊಬೈಲ್ ಕವರುಗಳ ಅಂಗಡಿ ಆದ ಮೇಲೆಯೇ ಮನೆಗೆ ಬಂದವರು. ಬಂದರೂ ಕೆಲಸ ಬಿಟ್ಟಿಲ್ಲ. ಕೆಲಸ ಅವರನ್ನು ಬಿಟ್ಟಿದೆ, ಅಷ್ಟೆ. ಅಂಗಿಯ ಜೇಬಿನಲ್ಲಿ ಈಗಲೂ ಒಂದು ಪೆನ್ಸಿಲ್ ಇರುತ್ತದೆ. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ. ಕೆಂಪು ಎಂದರೆ ಅಕ್ಷರ ತಪ್ಪು, ಚರ್ಚೆ ಇಲ್ಲ. ನೀಲಿ ಎಂದರೆ ಅನುಮಾನ. ಅಕ್ಷರವೆಲ್ಲ ಸರಿಯಾಗಿದ್ದು ಮಾತೇ ಎಲ್ಲೋ ತಪ್ಪಿದೆ ಅನ್ನಿಸಿದರೆ ಅಂಚಿನಲ್ಲಿ ನೀಲಿ ಪ್ರಶ್ನೆಚಿಹ್ನೆ. ಅದಕ್ಕೆ ಲೇಖಕನೇ ಪಕ್ಕದಲ್ಲಿ ‘ಹೌದು’ ಅಥವಾ ‘ಅಲ್ಲ’ ಎಂದು ಬರೆದು ಸಹಿ ಹಾಕಬೇಕು.

“ಅಕ್ಷರ ನನ್ನವು, ಅರ್ಥ ಲೇಖಕರದು. ಅರ್ಥಕ್ಕ ನಾ ಕೈ ಹಚ್ಚಂಗಿಲ್ಲ” ಎನ್ನುವುದು ಅವರ ಇಡೀ ಬದುಕಿನ ಕಾಯಿದೆ. ಅರ್ಥ ತಲೆಯೊಳಗೆ ಬಂದರೆ ಕಣ್ಣು ಮೋಸ ಹೋಗುತ್ತದೆಯಂತೆ. ಅದಕ್ಕೇ ಅವರು ಏನನ್ನೇ ಆದರೂ ಹಿಂದಿನಿಂದ ಮುಂದಕ್ಕೆ, ಒಂದೊಂದೇ ಶಬ್ದವಾಗಿ ಓದುತ್ತಾರೆ! ಮುಂಜಾನೆಯ ಪತ್ರಿಕೆಯೂ ಹಾಗೆಯೇ. ಮಗಳ ಪತ್ರವೂ ಹಾಗೆಯೇ. ಮಗಳು ಬಾಣಂತನಕ್ಕೆ ಬರುತ್ತೇನೆಂದು ಬರೆದಿದ್ದಾಗ ಇವರು ಅದರಲ್ಲಿ ಎರಡು ಒತ್ತು ತಿದ್ದಿ, ಮಡಚಿ, ಡಬ್ಬಿಯಲ್ಲಿಟ್ಟಿದ್ದರು. ಆಕೆ ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಾಗಲೇ ಮನೆಯವರಿಗೆಲ್ಲ ಸುದ್ದಿ ತಿಳಿದದ್ದು. ಅವರ ಹೆಂಡತಿ, ನಮ್ಮ ಕಾಕು, ಆವತ್ತು ಅವರಿಗೆ ಓದಿದ ಮಂತ್ರಗಳನ್ನು ಇಲ್ಲಿ ಬರೆಯುವಂತಿಲ್ಲ.

ಪುಸ್ತಕದಲ್ಲಿ ಅವರಿಗೆ ಪ್ರಾಣವಾದ ಪುಟ ಒಂದೇ. ಹಳೆಯ ಪುಸ್ತಕಗಳ ಕೊನೆಗೆ ಇರುತ್ತಿತ್ತಲ್ಲ, ‘ತಪ್ಪು-ಒಪ್ಪು’ ಅಂತ? ಇಂಥ ಪುಟ, ಇಂಥ ಸಾಲು, ಹೀಗೆಂದಿರುವಲ್ಲಿ ಹೀಗೆ ಓದಿಕೊಳ್ಳಬೇಕು ಎನ್ನುವ ಪಟ್ಟಿ. ಅದನ್ನು ಮಾತ್ರ ಅವರು ಮೇಲಿಂದ ಕೆಳಗೆ, ನಮ್ಮ ನಿಮ್ಮಂತೆ, ಸವಿದು ಸವಿದು ಓದುತ್ತಾರೆ. “ತಪ್ಪು ಆದ ಮ್ಯಾಲೂ ಒಂದು ಪಾನಾ ಕೂಡಿಸಿ ತಪ್ಪಾತು ಅಂತ ಹೇಳತಾರಲ್ಲ, ಅವರು ಮರ್ಯಾದಸ್ಥರಲೇ” ಎನ್ನುತ್ತಾರೆ.

ಪುಸ್ತಕವಾದರೆ ಸರಿ. ಕಂಡದ್ದಕ್ಕೆಲ್ಲ ಪೆನ್ಸಿಲ್ ಹಚ್ಚಿದರೆ? ನಮ್ಮ ಬಳಗದ ಒಂದು ಲಗ್ನಪತ್ರಿಕೆಯಲ್ಲಿ ‘ವಧೂವರರನ್ನು ಹಾರೈಸಬೇಕಾಗಿ ವಿನಂತಿ’ ಎನ್ನುವುದು ‘ಹಾರಿಸಬೇಕಾಗಿ’ ಎಂದು ಅಚ್ಚಾಗಿತ್ತು. ಕಾಕಾ ಮದುವೆ ಮಂಟಪದ ಬಾಗಿಲಲ್ಲೇ ನಿಂತು, ಒಳಗೆ ಹೋಗುವವರ ಕೈಯಿಂದ ಪತ್ರಿಕೆ ಇಸಿದುಕೊಂಡು ತಿದ್ದಿ ತಿದ್ದಿ ಕೊಟ್ಟರು. ಪತ್ರಿಕೆ ತರದವರಿಗೆ “ಒಳಗ ಹೋಗಿ ಯಾರನ್ನೂ ಹಾರಸಬ್ಯಾಡ್ರಿ” ಎಂದು ಬಾಯಿಮಾತಿನಲ್ಲೇ ತಿದ್ದುಪಡಿ. ಬೀಗರು ಗಾಬರಿಯಾಗಿ ಇಬ್ಬರು ಗಟ್ಟಿಮುಟ್ಟಾದ ಹುಡುಗರನ್ನು ವೇದಿಕೆಯ ಪಕ್ಕ ನಿಲ್ಲಿಸಿದ್ದರು.

ಇನ್ನೊಂದು ಇದಕ್ಕಿಂತ ಮೇಲಿನದು. ಓಣಿಯ ಹಿರಿಯರೊಬ್ಬರು ತೀರಿಕೊಂಡಾಗ ಮನೆಯ ಮುಂದೆ ಫ್ಲೆಕ್ಸ್ ಕಟ್ಟಿದ್ದರು. ‘ಭಾವಪೂರ್ಣ ಶ್ರದ್ದಾಂಜಲಿ’. ದಕಾರಕ್ಕೆ ಒತ್ತಾಗಿ ಮಹಾಪ್ರಾಣದ ‘ಧ’ ಬರಬೇಕಾಗಿತ್ತು. ಅದನ್ನು ನಮ್ಮ ಸಾಲಿ ಮಾಸ್ತರರು ‘ಹೊಟ್ಟೆ ಸೀಳಿದ ಧ’ ಅಂತಲೇ ಕಲಿಸಿದ್ದರು. ಕಾಕಾ ಫ್ಲೆಕ್ಸಿನ ಎದುರು ಒಂದು ನಿಮಿಷ ನಿಂತು, ಅಳುತ್ತಾ ಕುಳಿತಿದ್ದ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

“ಹೊಟ್ಟಿ ಸೀಳೋದು ಬಿಟ್ಟಾರ ನೋಡಪಾ. ಸೀಳಬೇಕಾಗಿತ್ತು.”

ಆತ ಕಣ್ಣೀರು ಒರೆಸಿಕೊಂಡು, “ಹಾರ್ಟ್ ಅಟ್ಯಾಕ್ ಅಂತ ಡಾಕ್ಟರ ಬರದು ಕೊಟ್ಟಾರ್ರಿ ಕಾಕಾ, ಮತ್ಯಾಕ್ರಿ ಸೀಳೋದು?” ಎಂದ.

“ನಾಕ ಮಂದಿ ಬಂದು ನೋಡ್ತಾರ. ಸೀಳದ ಹಂಗಽ ಬಿಟ್ರ ಮರ್ಯಾದಿ ಅಲ್ಲಪಾ. ನೀ ಹೂಂ ಅನ್ನು, ನಾನಽ ಸೀಳತೇನಿ. ಪೆನ್ಸಿಲ್ ಐತಿ.”

ನಾನು ಅವರ ರಟ್ಟೆ ಹಿಡಿದು ಎಳೆದುಕೊಂಡು ಬರದಿದ್ದರೆ ಆವತ್ತು ಓಣಿಯಲ್ಲಿ ಇನ್ನೊಂದು ಫ್ಲೆಕ್ಸ್ ಬೇಕಾಗುತ್ತಿತ್ತು. ಸಂಜೆ ಮತ್ತೆ ಹೋಗಿ ನೋಡುತ್ತೇನೆ, ‘ಧ’ದ ಹೊಟ್ಟೆ ಸೀಳಿದೆ! ಫ್ಲೆಕ್ಸಿನ ಕೆಳಗೆ ಕಾಕಾರ ಮನೆಯ ಸ್ಟೂಲು.

ಇಂಥವರನ್ನು ಇಟ್ಟುಕೊಂಡು ನಾನು ಸಾಹಿತಿಯಾಗಲು ಹೊರಟಿದ್ದೆ.

ನಾನು, ಬಸು, ರುಕ್ಸಾನಾ, ಮೂವರೂ ಭಾನುವಾರ ಮುಂಜಾನೆ ಕಮರಿಪೇಟೆಯ ಒಂದು ಮಂಡಕ್ಕಿ ಗಿರಮಿಟ್ ಅಂಗಡಿಯ ಹಿಂದಿನ ಬೆಂಚಿನಲ್ಲಿ ಸೇರುತ್ತಿದ್ದೆವು. ಮೂವರೂ ಫ್ರೀಲಾನ್ಸರ್‌ಗಳು. ಅಂದರೆ, ಕೆಲಸ ಮಾಡುತ್ತಿದ್ದೇವೆಂದು ಮನೆಯಲ್ಲಿ ಯಾರೂ ಒಪ್ಪದವರು. ಬಸು ತಾರಿಹಾಳದ ವರ್ಕ್‌ಶಾಪಿನವರಿಗೆ ನೀರಿನ ಪಂಪಿನ ಕೈಪಿಡಿಗಳನ್ನು ಕನ್ನಡಕ್ಕೆ ತರುತ್ತಿದ್ದ. ‘ಹಸಿರು ಗುಂಡಿಯನ್ನು ಒತ್ತಿರಿ’ ಎಂದು ಅವನು ಬರೆದದ್ದನ್ನು ಓದಿದ ರೈತರೊಬ್ಬರು, ಹೊಲದಲ್ಲಿ ಇರುವುದು ಒಂದೇ ಗುಂಡಿ, ಅದು ಹಸಿರಿಲ್ಲ, ಎಷ್ಟು ಒತ್ತಿದರೂ ನೀರು ಬರುತ್ತಿಲ್ಲ ಎಂದು ಫೋನ್ ಮಾಡಿದ್ದರಂತೆ. ಗಡಿಯಾರ ರಿಪೇರಿ ಅಂಗಡಿಯವರ ಮಗಳು ರುಕ್ಸಾನಾ ಧಾರಾವಾಹಿಗಳಿಗೆ ಸಬ್‌ಟೈಟಲ್ ಬರೆಯುತ್ತಿದ್ದಳು. “ಅತ್ತಿ ಅಳೋದಕ್ಕ ಕನ್ನಡದಾಗ ಎಷ್ಟ ಶಬ್ದ ಅದಾವೋ ಎಲ್ಲಾ ಖರ್ಚಾದುವ್ರಿ, ಆಕಿ ಇನ್ನೂ ಅಳಾಕತ್ತಾಳ” ಎನ್ನುತ್ತಿದ್ದಳು. ನಾನು ಆನ್‌ಲೈನ್ ಅಂಗಡಿಗಳಿಗೆ ಸಾಮಾನುಗಳ ಗುಣಗಾನ ಬರೆಯುತ್ತಿದ್ದೆ. ಒಂದೇ ಕುಕ್ಕರನ್ನು ಏಳು ಸಲ, ಏಳು ಭಾವದಲ್ಲಿ ಹೊಗಳಿದ್ದೇನೆ. ಅಷ್ಟು ಪ್ರೀತಿಯ ಮಾತು ನನ್ನ ಬಾಯಿಂದ ಮನುಷ್ಯರ ಬಗ್ಗೆ ಬಂದದ್ದಿಲ್ಲ.

ಈ ಗೋಳೆಲ್ಲ ಮುಗಿದ ಮೇಲೆ ನಮ್ಮ ನಿಜವಾದ ಮಾತು ಶುರು. ಕಥೆ. ಯಾರದು ದೊಡ್ಡ ಕಥೆ, ಯಾರದು ಬರೀ ಹೆಸರು, ನಾವು ಬರೆಯಲಿರುವ ಕಾದಂಬರಿಯ ಮೊದಲ ವಾಕ್ಯ ಹೇಗಿರಬೇಕು. ಮೂರು ವರ್ಷಗಳಲ್ಲಿ ನಾವು ಸುಮಾರು ನಲವತ್ತು ಮೊದಲ ವಾಕ್ಯ ಬರೆದೆವು. ಎರಡನೆಯದು ಒಂದೂ ಇಲ್ಲ.

ಒಂದು ಭಾನುವಾರ ಧಾರವಾಡದ ಒಂದು ಮಾಸಪತ್ರಿಕೆಯ ಸಂಪಾದಕರು ನಮ್ಮ ಬೆಂಚಿಗೆ ಬರಲು ಒಪ್ಪಿದರು. ನನ್ನ ಕಥೆ ಅವರ ಚೀಲದಲ್ಲಿತ್ತು. ನಾನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿ, ಹಿಂದಿನ ದಿನವೇ ಅಂಗಡಿಯವರಿಗೆ ಹೇಳಿ ಬೆಂಚು ತೊಳೆಸಿದ್ದೆ. ಸಂಪಾದಕರು ಗಿರಮಿಟ್ ತಿಂದು, ಚಹಾ ಕುಡಿದು, ಚೀಲಕ್ಕೆ ಕೈ ಹಾಕಿ, “ನಿಮ್ಮ ಕಥೀ ಓದಿದೆ...” ಎಂದು ಶುರು ಮಾಡಿದರು ನೋಡಿ, ಅಷ್ಟರಲ್ಲಿ ಕಾಕಾ ಬಂದರು.

ಕಾಲಲ್ಲಿ ಹವಾಯಿ ಚಪ್ಪಲಿ, ಅದರ ಒಂದು ಪಟ್ಟಿಗೆ ಸೇಫ್ಟಿ ಪಿನ್ನು. ಕೈಯಲ್ಲಿ ಬದನೆಕಾಯಿ ತುಂಬಿದ ಚೀಲ. ಕಾಕು ಆವತ್ತು ಎಣಗಾಯಿ ಮಾಡುವವರಿದ್ದರು, ನನ್ನನ್ನು ಊಟಕ್ಕೆ ಕರೆಯಲು ಇವರನ್ನು ಕಳಿಸಿದ್ದರು. ಬಂದವರು ನನ್ನನ್ನು ಕರೆಯುವ ಮೊದಲು ಬೆಂಚಿನ ಮೇಲಿದ್ದ ಮಾಸಪತ್ರಿಕೆಯನ್ನು ನೋಡಿದರು. ಮುಗಿಯಿತು! ನಿಂತಲ್ಲೇ ಕೊನೆಯ ಪುಟ ತೆಗೆದು, ಹಿಂದಿನಿಂದ ಓದುತ್ತಾ, ಕೆಂಪು ತುದಿಯಿಂದ ಗೀಟು ಹಾಕತೊಡಗಿದರು. ಸಂಪಾದಕರು ಬಾಯಿ ತೆರೆದವರು ಹಾಗೆಯೇ ನೋಡುತ್ತಿದ್ದರು.

“ನಿಮ್ಮ ಸಂಪಾದಕೀಯದಾಗ ‘ವಿಶಾಲ ಮನಸ್ಸು’ ಅನ್ನೋದು ‘ವಿಷಾಲ’ ಆಗೇತ್ರಿ” ಎಂದರು ಕಾಕಾ, ಬಹಳ ಕಾಳಜಿಯಿಂದ. “ವಿಷ ಜಾಸ್ತಿ ಆತು.”

ಬಸು ನಕ್ಕುಬಿಟ್ಟ. ಸಂಪಾದಕರ ಮುಖ ಕೆಂಪಾಯಿತು. ಅವರು ನನ್ನ ಕಡೆ ತಿರುಗಿ, “ಇವರು ಯಾರ್ರಿ? ನಿಮಗೇನಾಗಬೇಕು?” ಎಂದು ಕೇಳಿದರು.

ನನ್ನ ಕಥೆ ಅವರ ಕೈಯಲ್ಲಿತ್ತು. ನನ್ನ ಕಣ್ಣು ಆ ಸೇಫ್ಟಿ ಪಿನ್ನಿನ ಮೇಲಿತ್ತು. ನಾನು ಹೇಳಿದೆ:

“ನಮಗೇನೂ ಆಗಬೇಕಿಲ್ರಿ ಸರ್. ನಮ್ಮ ಓಣ್ಯಾವ್ರು.”

ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ನನ್ನ ಕೈ ಹಿಡಿದು ‘ಅ’ ತೀಡಿಸಿದವರು ಅವರು! ಆ ಕೈಯೇ ಆಗ ಬೆಂಚಿನ ಆಚೆ ಪೆನ್ಸಿಲ್ ಹಿಡಿದು ನಿಂತಿತ್ತು. ಕಾಕಾ ಪುಟದಿಂದ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿಲ್ಲ, ದುಃಖವಿಲ್ಲ, ಕರಡಿನಲ್ಲಿ ಗೊತ್ತಿಲ್ಲದ ಶಬ್ದ ಕಂಡಾಗ ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಸಂಪಾದಕರಿಗೆ ಕೈಮುಗಿದರು.

“ಹೌದ್ರಿ. ನಾ ಇವರ ಓಣ್ಯಾವ.” ನನ್ನ ಕಡೆ ತಿರುಗಿ, “ನಿಮ್ಮ ಮಾತು ನಡೀಲಿ ತಗೋರಿ. ನಾ ಬರ್ತೇನ್ರಿ.”

ಹುಟ್ಟಿದಾಗಿನಿಂದ ‘ಲೇ’ ಎಂದು ಕರೆದವರು ನನಗೆ ‘ರೀ’ ಎಂದರು. ಬದನೆಕಾಯಿ ಚೀಲ ಎತ್ತಿಕೊಂಡು ಹೋದರು. ಊಟಕ್ಕೆ ಕರೆಯಲೇ ಇಲ್ಲ.

ನನ್ನ ಕಥೆ ಅಚ್ಚಾಯಿತು. ಅದರಲ್ಲಿ ಒಂಬತ್ತು ತಪ್ಪುಗಳಿದ್ದವು.

ಆವತ್ತಿನದು ಆವತ್ತಿಗೆ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಕಾಕಾರ ಇನ್ನೊಂದು ಕಾಯಿದೆಯನ್ನು ಮರೆತಿದ್ದೆ: ಏಕರೂಪತೆ. ಪುಸ್ತಕದ ಮೊದಲಲ್ಲಿ ಒಂದು ಶಬ್ದ ಹೇಗೆ ಬಂದಿದೆಯೋ ಕೊನೆಯ ತನಕ ಹಾಗೆಯೇ ಬರಬೇಕು, ಒಂದು ಕಡೆ ಹಾಗೆ ಇನ್ನೊಂದು ಕಡೆ ಹೀಗೆ ಇರಕೂಡದು. ವಾರ ಬಿಟ್ಟು ನಾನೇ ಹಲ್ಲು ಕಿಸಿಯುತ್ತಾ ಅವರ ಮನೆಗೆ ಹೋದರೆ, “ಬರ್ರಿ, ಕೂಡ್ರಿ, ನೀರು ಕುಡೀತೀರೇನ್ರಿ?” ಎಂದರು.

ಕಾಕು ಒಲೆಯ ಮುಂದಿನಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದರು. “ಇದೇನ್ರಿ ನಿಮ್ಮ ಹೊಸಾ ಹುಚ್ಚು? ಇವಂಗ್ಯಾಕ ರೀ ಅಂತೀರಿ?”

“ಮೊದಲ ಪಾನಾದಾಗ ಹಂಗ ಬಿದ್ದೈತಿ. ಈಗ ಬದಲ ಮಾಡಿದ್ರ ಎಲ್ಲಾ ಕಡೆ ಮಾಡಬೇಕಾಗತೈತಿ” ಎಂದರು ಕಾಕಾ.

ಕಾಕುಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಕಾಲಿಗೆ ಬಿದ್ದು ‘ತಪ್ಪಾತು ಕಾಕಾ’ ಎಂದುಬಿಟ್ಟಿದ್ದರೆ ಆವತ್ತೇ ಮುಗಿಯುತ್ತಿತ್ತಲ್ಲವೇ? ಹೇಳಲಿಲ್ಲ. ಪ್ರತಿ ಸಲ ಹೋಗುವಾಗ ಹೇಳಬೇಕೆಂದು ಹೋಗುವುದು, ಅವರು ‘ಬರ್ರಿ’ ಎನ್ನುವುದು, ನಾನು ಹವಾಮಾನದ ಬಗ್ಗೆ ಮಾತಾಡಿ ಬರುವುದು.

ಇದಕ್ಕಿಂತ ಮುಜುಗರದ ಸಂಗತಿಯೆಂದರೆ, ಬಸು ಮತ್ತು ರುಕ್ಸಾನಾಗೆ ಕಾಕಾ ಬಹಳ ಹಿಡಿಸಿಬಿಟ್ಟರು! “ನಿಮ್ಮ ಓಣ್ಯಾಗಿನ ಆ ಹಿರ್ಯಾರನ್ನ ಕರಕೊಂಡು ಬರ್ರಿ” ಎಂದು ಗಂಟುಬಿದ್ದರು. ಹೀಗೆ ಕಾಕಾ ಓಣಿಯ ಹಿರಿಯರಾಗಿ ನಮ್ಮ ಬೆಂಚಿಗೆ ಬರತೊಡಗಿದರು. ಬಸುವಿನ ಕೈಪಿಡಿಯ ಗುಂಡಿಗೆ ನೀಲಿ ಪ್ರಶ್ನೆಚಿಹ್ನೆ ಹಾಕಿ ರೈತರನ್ನು ಉಳಿಸಿದವರು ಅವರೇ. ನಾವು ಮೆಚ್ಚಿನ ಲೇಖಕರ ಬಗ್ಗೆ ಕೈ ಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಅವರು ನಡುವೆ ಕುಳಿತು ಮಿರ್ಚಿ ತಿನ್ನುತ್ತಾ ತೀರ್ಪು ಕೊಡುತ್ತಿದ್ದರು. ನಾವು ತಲೆಯ ಮೇಲೆ ಹೊತ್ತುಕೊಂಡಿದ್ದ ಒಬ್ಬ ಮಹಾನ್ ಕಾದಂಬರಿಕಾರರ ಬಗ್ಗೆ ಅವರು ಹೇಳಿದ್ದು ಇಷ್ಟೇ: “ಭಾಳ ಛಲೋ ಮನಷ್ಯಾ. ಆದ್ರ ಅಲ್ಪಪ್ರಾಣ ಮಹಾಪ್ರಾಣ ಎರಡೂ ಒಂದಽ ಅವರಿಗೆ. ಅವರ ಒಂದು ಕಾದಂಬರ್ಯಾಗ ನಾ ಮುನ್ನೂರು ಹೊಟ್ಟಿ ಸೀಳೇನಿ.”

ಒಮ್ಮೆ ರುಕ್ಸಾನಾ ಕೇಳಿದಳು, “ನಿಮ್ಮ ಮೆಚ್ಚಿನ ಲೇಖಕರು ಯಾರ್ರಿ ಅಜ್ಜಾರ?”

ಕಾಕಾ ಮಿರ್ಚಿ ಕೆಳಗಿಟ್ಟರು. “ಒಬ್ಬರಿದ್ರವಾ. ಅಮ್ಮಿನಬಾವಿಯವರು. ಹಂತಾ ಲೇಖಕರನ್ನ ಆಮ್ಯಾಲೆ ನಾ ಕಂಡಿಲ್ಲ.”

ನಾವು ಮೂವರೂ ಮುಂದೆ ಬಾಗಿದೆವು. ನಮಗೆ ಗೊತ್ತಿಲ್ಲದ ಯಾವ ಅನರ್ಘ್ಯ ರತ್ನ! ಬಸು ಹೆಸರು ಬರೆದುಕೊಳ್ಳಲು ಮೊಬೈಲ್ ತೆಗೆದ. “ಏನೇನು ಬರದಾರ್ರಿ?”

“ದನದ ಡಾಕ್ಟರು ಇದ್ರು. ‘ಎಮ್ಮೆಗಳಿಗೆ ಬರುವ ಹೊಟ್ಟೆ ಉಬ್ಬರ’ ಅಂತ ಬರದಿದ್ರು. ಮೂವತ್ತೆರಡು ಪಾನಾ.”

ಬಸು ಮೊಬೈಲ್ ಒಳಗಿಟ್ಟ.

“ನಗಬ್ಯಾಡ್ರಿ” ಎಂದರು ಕಾಕಾ. “ಮೂವತ್ತೆಂಟ ವರ್ಷದಾಗ ನಾ ಹಾಕಿದ ಪ್ರತಿಯೊಂದು ನೀಲಿಗೂ ಉತ್ತರಾ ಕೊಟ್ಟವರು ಅವರೊಬ್ಬರಽ. ಉಳದವರು ನೋಡಲಿಕ್ಕೇ ಇಲ್ಲ, ಇಲ್ಲಾ ಇಂವ ಯಾವ ಕೇಳಾಂವ ಅಂತ ಕಾಟು ಹಾಕತಿದ್ರು. ಆ ಮನಷ್ಯಾ ಬಸ್ ಹಿಡದು ಬಂದು, ನನ್ನ ಪಕ್ಕದಾಗ ಕೂತು, ಒಂದೊಂದಕ್ಕೂ ಹೌದು, ಅಲ್ಲ, ಹೌದು, ಅಲ್ಲ ಅಂತ ಬರದು ಸಹಿ ಮಾಡಿದ್ರು. ನೀಲಿಗೆ ಉತ್ತರಾ ಕೊಡಾಂವಽ ಲೇಖಕ.”

ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ. ನಾನು ಬೆಂಚಿನ ಮೇಲಿನ ಗಿರಮಿಟ್ಟಿನ ಕಾಳು ಎಣಿಸುತ್ತಿದ್ದೆ.

ಕೊನೆಗೂ ನನ್ನ ಕಥೆಗಳದೊಂದು ಪುಸ್ತಕವಾಗುವ ಕಾಲ ಬಂತು. ಹನ್ನೆರಡು ಕಥೆ. ಪ್ರಕಾಶಕರು ಕರಡು ನೀವೇ ತಿದ್ದಿಸಿಕೊಳ್ಳಿ ಎಂದರು. ಕಾಕಾ ಮೂರು ವಾರ ಕಿಟಕಿಯ ಬಳಿ ಕುಳಿತು, ಭೂತಗನ್ನಡಿ ಹಿಡಿದು, ಕೊನೆಯ ಶಬ್ದದಿಂದ ಮೊದಲ ಶಬ್ದದವರೆಗೆ ತಿದ್ದಿದರು. ನಲವತ್ತು ಚಿಲ್ಲರೆ ನೀಲಿಗಳಿದ್ದವು. ನಾನು ಎಲ್ಲಕ್ಕೂ ಉತ್ತರ ಬರೆದು ಸಹಿ ಮಾಡಿದೆ. ಎಲ್ಲಕ್ಕೂ ಎಂದೇ ತಿಳಿದಿದ್ದೆ.

ಲೇಖಕನ ಮಾತಿನ ಕೊನೆಯ ಸಾಲು ಹೀಗಿತ್ತು: ‘ಈ ಪುಸ್ತಕದ ಕರಡನ್ನು ಪ್ರೀತಿಯಿಂದ ತಿದ್ದಿಕೊಟ್ಟವರು ನಮ್ಮ ಓಣಿಯ ಹಿರಿಯರು.’

ಹೌದು, ಹಾಗೆಯೇ ಬರೆದಿದ್ದೆ! ಮುನ್ನುಡಿ ಬರೆದವರು ಅದೇ ಸಂಪಾದಕರು. ಬಿಡುಗಡೆಗೆ ಬರುವವರೂ ಅವರೇ. ಈಗ ‘ಕಾಕಾ’ ಎಂದು ಬರೆದರೆ ಆಗ ಸುಳ್ಳು ಹೇಳಿದ್ದು ಬಯಲಾಗುತ್ತಿತ್ತು. ಏಕರೂಪತೆ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲದೆ, ಕಾಕಾ ಹಿಂದಿನಿಂದ ಓದುವವರು, ಅರ್ಥ ಅವರ ತಲೆಗೆ ಹೋಗುವುದಿಲ್ಲ ಎಂಬ ಧೈರ್ಯ ಬೇರೆ. ಎಂಥ ದಡ್ಡ ನಾನು! ‘ಹಿರಿಯರು ಓಣಿಯ ನಮ್ಮ.’ ಯಾವ ಕಡೆಯಿಂದ ಓದಿದರೂ ಅದರಲ್ಲಿ ಕಾಕಾ ಇಲ್ಲ.

ಪುಸ್ತಕ ಅಚ್ಚಾಗಿ, ಬಿಡುಗಡೆಗೆ ಎರಡು ದಿನ ಉಳಿದಾಗ ಪ್ರಕಾಶಕರು ಹಳೆಯ ಕರಡಿನ ಕಟ್ಟನ್ನು ನನಗೆ ಮರಳಿಸಿದರು. ರದ್ದಿಗೆ ಹಾಕುವ ಮೊದಲು ಸುಮ್ಮನೆ ತಿರುವುತ್ತಿದ್ದೆ. ಆರನೆಯ ಪುಟದ ಅಂಚು ಕಿಟಕಿಯ ಬೆಳಕಿಗೆ ಸ್ವಲ್ಪ ಹೊಲಸಾಗಿ ಕಂಡಿತು. ರಬ್ಬರಿನಿಂದ ತಿಕ್ಕಿ ತಿಕ್ಕಿ ಕಾಗದ ಅಲ್ಲಿ ತೆಳ್ಳಗಾಗಿತ್ತು. ಬಣ್ಣದ ಪೆನ್ಸಿಲ್ಲು ಪೂರ್ತಿ ಅಳಿಸುವುದಿಲ್ಲ ನೋಡಿ. ‘ನಮ್ಮ ಓಣಿಯ ಹಿರಿಯರು’ ಎಂಬುದರ ಪಕ್ಕದಲ್ಲಿ, ಹಾಕಿ ಅಳಿಸಿದ ಒಂದು ನೀಲಿ ಪ್ರಶ್ನೆಚಿಹ್ನೆ.

ಆ ಕರಡು ಹಿಡಿದುಕೊಂಡು ಅವರ ಮನೆಗೆ ಓಡಿದೆ. ಕಾಕಾ ಕಟ್ಟೆಯ ಮೇಲೆ ಕುಳಿತು ಪತ್ರಿಕೆಯನ್ನು ಕೊನೆಯಿಂದ ಓದುತ್ತಿದ್ದರು.

“ಕಾಕಾ, ಆರನೇ ಪಾನಾದಾಗ ನೀಲಿ ಹಾಕಿ ಅಳಿಸೀರಲ್ರಿ?”

ಅವರು ಕನ್ನಡಕ ತೆಗೆದು ಒರೆಸಿದರು. “ಅಕ್ಷರ ತಪ್ಪಿರಲಿಲ್ರಿ ಅದರಾಗ. ಸುಮ್ನ ಕೈ ತಪ್ಪಿ ಬಿತ್ತು. ಅರ್ಥ ಲೇಖಕರದು.”

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಕ್ಯಾಲೆಂಡರಿನ ತಪ್ಪನ್ನೂ ಬಿಡದ ಮನುಷ್ಯ, ತಮ್ಮ ಮೇಲೆಯೇ ಬಿದ್ದ ತಪ್ಪನ್ನು ನೋಡಿ, ಕೇಳಿ, ಕೇಳಿದ್ದನ್ನೂ ಅಳಿಸಿ, ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರು. ನನಗೆ ನನ್ನ ಮೇಲೆ ಅಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ನೇರವಾಗಿ ಡಿಟಿಪಿ ಅಂಗಡಿಗೆ ಹೋದೆ. ಒಂದು ಸಣ್ಣ ಚೀಟಿ ಟೈಪು ಮಾಡಿಸಿ, ಮುನ್ನೂರು ಪ್ರತಿ ತೆಗೆಸಿದೆ. ಕಾಕಾಗೆ ಗೊತ್ತಾಗಬಾರದಲ್ಲ, ಹಾಗಾಗಿ ಕರಡು ತೋರಿಸುವ ಮಾತೇ ಇರಲಿಲ್ಲ. ಬಸು, ರುಕ್ಸಾನಾರನ್ನು ಬೆಂಚಿಗೆ ಕರೆದು, ತಲೆ ತಗ್ಗಿಸಿ ಎಲ್ಲ ಹೇಳಿದೆ. ಪುಸ್ತಕಗಳ ಒಳಗೆ ಚೀಟಿ ಸೇರಿಸಲು ಸಹಾಯ ಬೇಕಿತ್ತು. ಹೇಳಿ ಮುಗಿಸಿದ ಮೇಲೆ ರುಕ್ಸಾನಾ ಬಸುವಿನ ಮುಖ ನೋಡಿದಳು.

“ನಮಗ ಮೊದಲಽ ಗೊತ್ತಿತ್ರಿ” ಎಂದಳು. “ಇಬ್ಬರದೂ ಮೂಗು ಒಂದಽ ಐತಿ. ನೀವಽ ಯಾವಾಗರೆ ಹೇಳ್ತೀರಿ ಅಂತ ಕಾದ್ವಿ.”

ಎರಡು ವರ್ಷ! ಎರಡು ವರ್ಷ ನಾನು ಆ ಮೂಗು ಹೊತ್ತುಕೊಂಡು ಅವರ ಪಕ್ಕದಲ್ಲೇ ಕುಳಿತು ಓಣಿಯ ಹಿರಿಯರ ಬಗ್ಗೆ ಮಾತಾಡಿದ್ದೆ. ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಕಮರಿಪೇಟೆಯ ನೆಲ ಕಾಂಕ್ರೀಟಿನದು, ಬಿಡಲಿಲ್ಲ.

ಬಿಡುಗಡೆ ಧಾರವಾಡದ ಒಂದು ಸಣ್ಣ ಸಭಾಂಗಣದಲ್ಲಿ. ಮೂವತ್ತು ಜನ ಬಂದಿದ್ದರು, ಅದರಲ್ಲಿ ಹತ್ತು ಜನ ಉಪ್ಪಿಟ್ಟಿಗೆ. ಕಾಕಾ ಅದೇ ಹವಾಯಿ ಚಪ್ಪಲಿಯಲ್ಲಿ ಬಂದು, ಯಾರ ಸಂಬಂಧಿಯೂ ಅಲ್ಲದವರಂತೆ ಕೊನೆಯ ಸಾಲಿನ ಮೂಲೆಯ ಕುರ್ಚಿ ಹಿಡಿದರು. ಕಾಕು ಪಕ್ಕದಲ್ಲಿ. ಸಂಪಾದಕರು ಮಾತಾಡಿದರು. ನನ್ನ ಸರದಿ ಬಂತು. ಬರೆದುಕೊಂಡು ಬಂದ ಭಾಷಣ ಜೇಬಿನಲ್ಲೇ ಉಳಿಯಿತು. ಚೀಟಿ ತೆಗೆದೆ.

“ಎಲ್ಲರ ಪುಸ್ತಕದಲ್ಲೂ ಒಂದು ಚೀಟಿ ಇದೆ, ದಯವಿಟ್ಟು ತೆಗೆದುಕೊಳ್ಳಿ. ತಪ್ಪು-ಒಪ್ಪು. ಪುಟ ಆರು, ಕೊನೆಯ ಸಾಲು. ‘ನಮ್ಮ ಓಣಿಯ ಹಿರಿಯರು’ ಎಂದಿರುವಲ್ಲಿ ‘ನನ್ನ ಕಾಕಾ’ ಎಂದು ಓದಿಕೊಳ್ಳಬೇಕು.” ಸಂಪಾದಕರ ಕಡೆ ತಿರುಗಿದೆ. “ಸರ್, ಎರಡು ವರ್ಷದ ಹಿಂದೆ ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ನಿಮ್ಮ ಪತ್ರಿಕೆ ತಿದ್ದಿದವರು ನನ್ನ ತಂದೆಯ ತಮ್ಮ. ನನಗೆ ಅಕ್ಷರ ಕಲಿಸಿದವರು. ನನಗೆ ನಾಚಿಕೆಯಾಗಿತ್ತು. ಈಗ ಅದಕ್ಕಿಂತ ಹೆಚ್ಚು ನಾಚಿಕೆಯಾಗಿದೆ.”

ಕಾಕು ಸೆರಗು ಬಾಯಿಗೆ ಹಿಡಿದಿದ್ದರು. ಕಾಕಾ ಚೀಟಿಯನ್ನು ಕಣ್ಣಿನ ಹತ್ತಿರ ತಂದರು. ದೂರ ಹಿಡಿದರು. ಮತ್ತೆ ಹತ್ತಿರ ತಂದರು. ಎದ್ದು ನಿಂತರು.

“ಲೇ!”

ಇಡೀ ಸಭಾಂಗಣ ಹಿಂದಕ್ಕೆ ತಿರುಗಿತು.

“ಲೇ ಮಗನಽ, ಇದನ್ನ ಯಾರಲೇ ತಿದ್ದಿದವರು? ‘ನನ್ನ ಕಾಕ’ ಅಂತ ಬಿದ್ದೈತಿ! ಕೊನೀ ದೀರ್ಘ ಎಲ್ಲಿ? ಕಾಕ ಅಂದ್ರ ಕಾಗಿ! ಇಷ್ಟ ಮಂದ್ಯಾಗ ನನ್ನ ಕಾಗಿ ಮಾಡಿ ಕುಂದರಿಸೀಯಲ್ಲಲೇ!”

ಚೀಟಿ ನೋಡಿದೆ. ಹೌದು! ಒಂದು ದೀರ್ಘ ಬಿಟ್ಟುಹೋಗಿತ್ತು. ‘ನಮ್ಮ ಓಣಿಯ ಹಿರಿಯರು ಎಂದಿರುವಲ್ಲಿ ನನ್ನ ಕಾಗೆ ಎಂದು ಓದಿಕೊಳ್ಳಬೇಕು’ ಎಂದು ಮುನ್ನೂರು ಪ್ರತಿ ತೆಗೆಸಿದ್ದೆ! ಮೊದಲು ನಕ್ಕವರು ಸಂಪಾದಕರು. ಆಮೇಲೆ ಎಲ್ಲರೂ. ಬಸು ಕುರ್ಚಿಯಿಂದ ಜಾರಿ ಕೆಳಗೆ ಕುಳಿತ. ನಾನೂ ನಗುತ್ತಿದ್ದೆ, ಆದರೆ ಕಣ್ಣು ಒರೆಸಿಕೊಳ್ಳಲು ನನಗೆ ಬೇರೆ ಕಾರಣವಿತ್ತು. ‘ಲೇ’ ಎಂದಿದ್ದರು. ಮೂವತ್ತು ಜನರ ಎದುರು, ಗಟ್ಟಿಯಾಗಿ, ನಾಲ್ಕು ಸಲ.

ಉಪ್ಪಿಟ್ಟು ಹಂಚುವಾಗ ಕಾಕಾ ಪುಸ್ತಕಗಳ ಮೇಜನ್ನೇ ವಶಪಡಿಸಿಕೊಂಡು, ಒಂದೊಂದೇ ಚೀಟಿ ತೆಗೆದು ಕೆಂಪಿನಲ್ಲಿ ದೀರ್ಘ ಎಳೆಯುತ್ತಾ ಕುಳಿತಿದ್ದರು. ರುಕ್ಸಾನಾ ತೆಗೆದುಕೊಡುತ್ತಿದ್ದಳು, ಬಸು ಮರಳಿ ಇಡುತ್ತಿದ್ದ. ನಾನು ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ನಿಂತಿದ್ದೆ.

“ಬಾ ಇಲ್ಲೆ. ಕೂಡು” ಎಂದರು, ತಲೆ ಎತ್ತದೆ. “ನೀಲಿ ಒಂದೈತಿ.”

ಅವರ ಸ್ವಂತ ಪ್ರತಿಯ ಚೀಟಿಯನ್ನು ನನ್ನ ಕಡೆ ಸರಿಸಿದರು. ‘ಕಾಕಾ’ದ ದೀರ್ಘ ಕೆಂಪಿನಲ್ಲಿ ಸರಿಯಾಗಿತ್ತು. ಅದರ ಹಿಂದಿನ ‘ನನ್ನ’ ಎಂಬ ಶಬ್ದದ ಕೆಳಗೆ ನೀಲಿ ಗೆರೆ, ಅಂಚಿನಲ್ಲಿ ಸಣ್ಣದೊಂದು ನೀಲಿ ಪ್ರಶ್ನೆಚಿಹ್ನೆ. ಈ ಸಲ ಅಳಿಸಿರಲಿಲ್ಲ.

ನಾನು ಅವರ ಕೈಯಿಂದ ಪೆನ್ಸಿಲ್ ಇಸಿದುಕೊಂಡು, ಪಕ್ಕದಲ್ಲಿ ‘ಹೌದು’ ಎಂದು ಬರೆದು ಸಹಿ ಮಾಡಿದೆ. ಅವರು ಅದನ್ನು ಎತ್ತಿಕೊಂಡು, ಹಿಂದಿನಿಂದ ಮುಂದಕ್ಕೆ ಒಮ್ಮೆ ನೋಡಿ, ಮಡಚಿ ಅಂಗಿಯ ಜೇಬಿನಲ್ಲಿಟ್ಟರು.

“ಬರೋಬ್ಬರಿ ಐತಲೇ” ಎಂದು ಮುಂದಿನ ಚೀಟಿಗೆ ಕೈ ಚಾಚಿದರು.